ಇಲ್ಲಿ ಮಂದಿ ಸುದ್ದಿ ಮಾತಾಡಬಾರದು

ಬಂಡೆಪ್ಪನ ಖಾನಾವಳಿಯ ರೊಟ್ಟಿಗೆ ಎಷ್ಟು ಹೆಸರಿತ್ತೋ ಬಂಡೆಪ್ಪನ ಸಿಟ್ಟಿಗೂ ಅಷ್ಟೇ ಹೆಸರಿತ್ತು. ಬೇಗಂಪೇಟೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಜಾಗ. ಮುಂದಿನ ಕೋಣೆಯಲ್ಲಿ ಆರು ಮೇಜು, ಹಿಂದಿನದರಲ್ಲಿ ಎರಡು ಒಲೆ. ಮೊದಲನೇ ಒಲೆ ಹೆಂಡತಿ ಉಮಾಬಾಯಿಯದು, ಎರಡನೆಯದು ಕೆಲಸಕ್ಕೆ ಬರುವ ವನಜಾಳದು. ಮಧ್ಯಾಹ್ನದ ಊಟ ಮಾತ್ರ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಹಿಂಡಿ, ಮಜ್ಜಿಗೆ. ಅನ್ನ ಕೇಳಿದವರಿಗೆ ಅನ್ನವನ್ನೂ ಕೊಡುತ್ತಿದ್ದ, ಆದರೆ ಒಮ್ಮೆ ಮುಖ ದಿಟ್ಟಿಸಿ ನೋಡಿ ಕೊಡುತ್ತಿದ್ದ. ರೊಟ್ಟಿ ತಣ್ಣಗಿದೆ ಎಂದ ಒಬ್ಬ ಬ್ಯಾಂಕಿನ ಸಾಹೇಬನಿಗೆ "ಮಾತಾಡಿಕೋತ ಕೂತ್ರ ಅದೇನು ನಿಮಗಾಗಿ ಒಲಿ ಮ್ಯಾಲೆ ಹೋಗಿ ಕೂಡ್ತದೇನು" ಎಂದಿದ್ದ. ಆ ಸಾಹೇಬ ಮರುದಿನವೂ ಬಂದ. ಹೊರಗೆಲ್ಲ ತೆಲುಗು, ಹಿಂದಿ ಆಡಿ ಸವೆದ ಬಾಯಿಗೆ ಅಲ್ಲಿ ಬೀದರ, ಕಲಬುರ್ಗಿ, ರಾಯಚೂರಿನ ಮಾತೂ ಸಿಗುತ್ತಿತ್ತು, ಖಾರವೂ ಸಿಗುತ್ತಿತ್ತು. ದಿನಕ್ಕೆ ನೂರು ಜನ ಉಣ್ಣುತ್ತಿದ್ದರು.

ಎರಡು ಸಾವಿರದ ಎಂಟರ ದೀಪಾವಳಿ ಮುಗಿಯಿತು, ನೂರು ಎಂಬತ್ತಾಯಿತು. ಸಂಕ್ರಾಂತಿ ಬಂತು, ಎಂಬತ್ತು ಅರವತ್ತಾಯಿತು. ಅಮೆರಿಕದಲ್ಲಿ ಯಾವುದೋ ಬ್ಯಾಂಕು ಮುಳುಗಿದರೆ ಬೇಗಂಪೇಟೆಯ ಆಫೀಸು ಕಾಂಪ್ಲೆಕ್ಸಿನಲ್ಲಿ ಮೇಲಿನ ಮೂರು ಅಂತಸ್ತು ಯಾಕೆ ಖಾಲಿಯಾಗಬೇಕು ಎಂಬುದು ಬಂಡೆಪ್ಪನ ತಲೆಗೆ ಹೋಗಲಿಲ್ಲ. ಕನ್ನಡ ಪೇಪರಿನವರು ಅದನ್ನು ಹಿಂಜರಿತ ಎಂದು ಬರೆಯುತ್ತಿದ್ದರು. ಆ ಪದ ಯಾರ ಬಾಯಿಗೂ ಹತ್ತಲಿಲ್ಲ. ಟಿವಿಯ ಹಿಂದಿಯವರು ಮಂದಿ ಎನ್ನುತ್ತಿದ್ದರು, ಆಬಿಡ್ಸ್ ಪೇಟೆಯ ಸೇಟುಗಳು ಮಂದಿ ಎನ್ನುತ್ತಿದ್ದರು, ಖಾನಾವಳಿಯಲ್ಲೂ ಅದೇ ಬಳಕೆಗೆ ಬಂತು. ಈ ಮಂದಿ ಯಾವಾಗ ಹೋಗುತ್ತದೆ ಎಂದು ಎಲ್ಲರೂ ಕೇಳುವವರೇ.

ಊಟ ಐವತ್ತಕ್ಕಿಂತ ಕಡಿಮೆಯಾದರೆ ಉಮಾಬಾಯಿ ಒಬ್ಬಳೇ ಎಲ್ಲ ರೊಟ್ಟಿ ಬಡಿದು ಮುಗಿಸಬಲ್ಲಳು. ಎರಡನೇ ಒಲೆ ಬೇಕಾಗುವುದಿಲ್ಲ, ವನಜಾಳೂ ಬೇಕಾಗುವುದಿಲ್ಲ. ಅವಳ ಗಂಡ ಹೊಸ ಕಟ್ಟಡಗಳಿಗೆ ಬಣ್ಣ ಹೊಡೆಯುವವನು. ಕೂಕಟ್‌ಪಲ್ಲಿಯಲ್ಲಿ ಫ್ಲಾಟುಗಳ ಕೆಲಸ ಅರ್ಧಕ್ಕೆ ನಿಂತ ಮೇಲೆ ಮನೆಯಲ್ಲಿ ಕೂತಿದ್ದ. ಆ ಮನೆ ನಡೆಯುತ್ತಿದ್ದದ್ದು ಬಂಡೆಪ್ಪನ ಎರಡನೇ ಒಲೆಯ ಮೇಲೆ. ಒಲೆ ಆರಿಸುವ ಮಾತನ್ನು ಬಂಡೆಪ್ಪ ಬಾಯಿಬಿಟ್ಟು ಆಡಿರಲಿಲ್ಲ. ಆದರೆ ಮೂರು ಗಂಟೆಗೆ ತಾಟು ತೊಳೆಯುವಾಗ ವನಜಾ ಒಂದೊಂದಾಗಿ ಎಣಿಸುವುದು ಅವನ ಕಿವಿಗೆ ಬೀಳುತ್ತಿತ್ತು. ಅವಳು ಮೆಲ್ಲಗೆ ಎಣಿಸಿದಷ್ಟೂ ಇವನ ಸಿಟ್ಟು ಏರುತ್ತಿತ್ತು. ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕು ಎಂಬುದೊಂದು ಗೊತ್ತಿರಲಿಲ್ಲ. ಕಡೆಗೆ ಅದಕ್ಕೂ ಇಬ್ಬರು ಸಿಕ್ಕರು.

ಒಬ್ಬ ಪ್ರಾಣೇಶ. ಸರ್ಕಾರಿ ಲೆಕ್ಕ ತಪಾಸಣೆ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ನೌಕರಿ ಮಾಡುತ್ತಿದ್ದವನು. ಆರು ಜನ ಸಹೋದ್ಯೋಗಿಗಳನ್ನು ಕಟ್ಟಿಕೊಂಡು ಒಂದು ಗಂಟೆಗೆ ಬರುತ್ತಿದ್ದ. ಇನ್ನೊಬ್ಬ ವೈಜನಾಥ, ಪ್ಲೈವುಡ್ ವ್ಯಾಪಾರಿ. ಮಂದಿ ಬಂದ ಮೇಲೆ ಅಂಗಡಿಯಲ್ಲಿ ಕೆಲಸವಿಲ್ಲದೆ ಹನ್ನೆರಡೂವರೆಗೇ ಬಂದು ಕೂಡುತ್ತಿದ್ದ. ಏಪ್ರಿಲಿನಲ್ಲಿ ಚುನಾವಣೆ ಇತ್ತು. ವೈಜನಾಥ ಮೂರು ತಲೆಮಾರಿನ ಕಾಂಗ್ರೆಸ್ಸಿನವನು, ಪ್ರಾಣೇಶ ಕಮಲದವನು. ನೋಡುವವರಿಗೆ ಇದು ತಿರುಗುಮುರುಗಾಗಿ ಕಾಣುತ್ತಿತ್ತು. ಸರ್ಕಾರದ ಸಂಬಳ ತಿನ್ನುವವನು ಸರ್ಕಾರ ಸುಮ್ಮನಿರಲಿ ಎನ್ನುತ್ತಿದ್ದ, ಸರ್ಕಾರಕ್ಕೆ ತೆರಿಗೆ ಕಟ್ಟುವವನು ಸರ್ಕಾರ ಎದ್ದು ಬರಲಿ ಎನ್ನುತ್ತಿದ್ದ.

"ಅಂಗಡಿಯವ ಮಾಲು ತರಸಾಕ ಅಂಜ್ಯಾನ, ಗಿರಾಕಿ ಅಂಗಡಿ ಹತ್ತಾಕ ಅಂಜ್ಯಾನ, ಬ್ಯಾಂಕಿನವ ಇಬ್ಬರನ್ನೂ ನೋಡಿ ಅಂಜ್ಯಾನ," ಎಂದು ವೈಜನಾಥ ಶುರು ಮಾಡುತ್ತಿದ್ದ. "ಎಲ್ಲಾರೂ ಕೈ ಕಟ್ಟಿ ಕೂತ್ರ ಮೊದಲ ಯಾರು ಏಳಬೇಕ್ರಿ ರಾಯರ? ಸರ್ಕಾರ ಏಳಬೇಕು. ಸಾಲಿ ಕಟ್ಟಲಿ, ರಸ್ತಾ ಮಾಡಲಿ. ನಾಕು ಮಂದಿ ಕೈಯಾಗ ಕೆಲಸ ಬಂದ್ರ ಐದನೇದಾವ ತಾನ ಏಳ್ತಾನ."

"ಸಾಲಿಗೆ ಬಾಗಿಲಾ ಕಿಡಕಿ ನಿಮ್ಮ ಅಂಗಡಿಯಿಂದ ಹೋಗ್ತಾವ," ಎಂದು ಪ್ರಾಣೇಶ ರೊಟ್ಟಿ ಮುರಿಯುತ್ತಿದ್ದ.

"ಹೋಗಲಿ. ತಪ್ಪೇನು? ನಿಮ್ಮ ಪಗಾರ ಎಲ್ಲಿಂದ ಬರ್ತೈತಿ? ಆಕಾಶದಿಂದೇನು?"

"ಅದಕ್ಕ ಹೇಳ್ಲಿಕತ್ತೀನಿ. ಅಡಿಗಿಮನಿ ಒಳಗ ಕೂತಾಂವ ನಾನು. ಅಲ್ಲೇನು ಬೇಯ್ತದ ನನಗ ಗೊತ್ತದ. ಕೆರಿ ಹೂಳು ತಗದೇವಿ ಅಂತ ಬಿಲ್ ಬರ್ತದ. ತಪಾಸಣಿಗೆ ಹೋದ್ರ ಹೂಳು ಬಿಡ್ರಿ, ಕೆರೀನ ಇರೂದಿಲ್ಲ. ಇಂಥವ್ರು ಮಂದಿ ತಗೀತಾರಂತ. ಒಂದು ಸಲ ತಲಿ ನೋವು ಬಂದ್ರ ಒಂದಿನ ಮಲಗಬೇಕು, ತಾನ ಹೋಗ್ತದ. ಇವರು ತಲೀಗೆ ಆಪರೇಷನ್ ಮಾಡ್ತೀವಂತಾರ."

ಹೀಗೆ ಒಂದು ಗಂಟೆಗೆ ಹೊತ್ತಿಕೊಂಡದ್ದು ಎರಡೂವರೆಯಾದರೂ ಆರುತ್ತಿರಲಿಲ್ಲ. ಅತ್ತ ನಾಲ್ವರು, ಇತ್ತ ನಾಲ್ವರು ಸೇರಿಕೊಳ್ಳುತ್ತಿದ್ದರು. ಉಂಡು ಕೈ ಒಣಗಿದರೂ ಮೇಜು ಬಿಡುತ್ತಿರಲಿಲ್ಲ. ಫೆಬ್ರವರಿಯ ಒಂದು ಗುರುವಾರ ವೈಜನಾಥ ಮಾತಿನ ಭರದಲ್ಲಿ ಮೇಜು ಗುದ್ದಿದ. ಮಜ್ಜಿಗೆಯ ತಂಬಿಗೆ ಉರುಳಿ, ಮೊದಲ ಸಲ ಬಂದಿದ್ದ ಒಬ್ಬ ಗಿರಾಕಿಯ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಸುರಿಯಿತು. ಅವನೂ ಅವನ ಜೊತೆಗಾರರಿಬ್ಬರೂ ಉಣ್ಣದೆ ಎದ್ದು ಹೋದರು. ಆ ದಿನ ವನಜಾಳ ಎಣಿಕೆ ಐವತ್ತೊಂದಕ್ಕೆ ನಿಂತಿತು.

ಬಂಡೆಪ್ಪನಿಗೆ ಕಡೆಗೂ ಶತ್ರು ಯಾರೆಂದು ಹೊಳೆಯಿತು. ಮಂದಿ ಅಲ್ಲ, ಮಂದಿಯ ಮಾತು. ಈ ಬಡಿದಾಟ ನೋಡಿ ಗಿರಾಕಿ ಓಡಿಹೋಗುತ್ತಿದ್ದಾರೆ. ಅವನು ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ ಕಲಿತವನು, ಅಕ್ಷರ ದುಂಡಗಿದ್ದವು. ಒಂದು ಹಲಗೆಗೆ ಬಿಳಿ ಬಣ್ಣ ಬಳಿದು ಅದರ ಮೇಲೆ ಕೆಂಪು ಬಣ್ಣದಲ್ಲಿ ಬರೆದ: ಇಲ್ಲಿ ಮಂದಿ ಸುದ್ದಿ ಮಾತಾಡಬಾರದು. ಕೈ ತೊಳೆಯುವ ನಲ್ಲಿಯ ಮೇಲೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ, ಎರಡು ಮೊಳೆ ಹೊಡೆದು ತೂಗುಹಾಕಿದ.

ಶುಕ್ರವಾರ ಪ್ರಾಣೇಶ ಕೈ ತೊಳೆಯಲು ಹೋದವನು ಬೋರ್ಡಿನ ಮುಂದೆ ನಿಂತ. ನಲ್ಲಿ ಸುರಿಯುತ್ತಲೇ ಇತ್ತು. ಅವನ ಮುಖ ಸಣ್ಣಗಾಯಿತು. ಮೂಲೆಯ ಮೇಜಿನಲ್ಲಿ ಉಣ್ಣುತ್ತಿದ್ದ ಒಬ್ಬ ಕನ್ನಡಕದವನ ಕಡೆ ಒಮ್ಮೆ ನೋಡಿದ, ಬಂಡೆಪ್ಪನ ಕಡೆ ಒಮ್ಮೆ ನೋಡಿದ. ಎರಡು ರೊಟ್ಟಿ ತಿಂದು, ಮಜ್ಜಿಗೆಯನ್ನೂ ಕೇಳದೆ ಹೊರಟುಹೋದ. ಸೋಮವಾರ ಬರಲಿಲ್ಲ. ಅವನ ಆರು ಜನರೂ ಬರಲಿಲ್ಲ. ವಾದ ಬಂದ್ ಆದದ್ದಕ್ಕೆ ಸಿಟ್ಟು ಬಂದಿರಬೇಕು, ಬರಲಿ ಬಿಡು ಎಂದುಕೊಂಡ ಬಂಡೆಪ್ಪ.

ವೈಜನಾಥ ಮೂರು ದಿನ ಬಂದ. ಎದುರು ಖಾಲಿ ಕುರ್ಚಿ ನೋಡುತ್ತ ಉಂಡ. ನಾಲ್ಕನೇ ದಿನ ಬಾಗಿಲಲ್ಲೇ ನಿಂತು, "ರಾಯರು ಬಂದಿಲ್ಲೇನು?" ಎಂದು ಕೇಳಿ, ಇಲ್ಲವೆಂದ ಮೇಲೆ, "ಹಂಗಾದ್ರ ಇವತ್ತು ಹಸಿವಿಲ್ಲ" ಎಂದು ತಿರುಗಿ ಹೋದ. ಉಳಿದವರದು ಇನ್ನೊಂದು ಚೆಂದ. ಹೊಸಬರು ಬೋರ್ಡು ಓದಿ ಅಕ್ಕಪಕ್ಕದವರನ್ನು ಸಂಶಯದಿಂದ ನೋಡುತ್ತಿದ್ದರು. ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ತಾಟು ನೋಡುತ್ತ ಉಣ್ಣುತ್ತಿದ್ದರು. ಮುಂದಿನ ಕೋಣೆಯಲ್ಲಿ ಬರೀ ಬಾಯಿ ಚಪ್ಪರಿಸುವ ಸದ್ದು. ಮೇಜುಗಳೇನೋ ಬೇಗ ಬೇಗ ಖಾಲಿಯಾದವು, ಆದರೆ ಹಾಗೇ ಖಾಲಿ ಉಳಿದವು.

"ಒಬ್ಬರೂ ಮೂರನೇ ರೊಟ್ಟಿ ಕೇಳವಲ್ಲರು," ಎಂದಳು ಉಮಾಬಾಯಿ. "ಜಗಳ ಮಾಡೋ ಮುಂದ ಐದೈದು ತಿಂತಿದ್ರು. ಗೊತ್ತಾಗದಂಗ ತಿಂತಿದ್ರು. ಆ ಬೋರ್ಡ್ ತಗೀರಿ."

"ಹಚ್ಚಿದ್ದು ಹಚ್ಚೇನಿ. ನನ್ನ ಖಾನಾವಳಿ, ನನ್ನ ಗ್ವಾಡಿ."

"ಗ್ವಾಡಿ ಬಂದು ಉಣ್ತೈತೇನು?"

ಎರಡು ವಾರ ಕಳೆಯಿತು. ಎಣಿಕೆ ನಲವತ್ತೆಂಟಾಯಿತು, ನಲವತ್ತೆರಡಾಯಿತು, ಆ ಶನಿವಾರ ಮೂವತ್ತೆಂಟಕ್ಕೆ ಬಂತು. ಆದರೂ ಬಂಡೆಪ್ಪ ಎರಡನೇ ಒಲೆ ಹಚ್ಚಿಸುತ್ತಲೇ ಇದ್ದ. ಇಬ್ಬರು ಹೆಂಗಸರು ಒಬ್ಬರ ಕೆಲಸವನ್ನು ಹಂಚಿಕೊಂಡು, ಅರ್ಧ ಹೊತ್ತು ಕೈ ಮಡಿಲಲ್ಲಿಟ್ಟು ಕೂತಿರುತ್ತಿದ್ದರು. ಶನಿವಾರ ತಾಟು ತೊಳೆದು ಮುಗಿಸಿ ವನಜಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಅಣ್ಣಾರ, ಸೋಮವಾರ ಬರ್ಲಾ?"

ಇಷ್ಟು ದಿನ ಅವಳು ಕೇಳಿರಲಿಲ್ಲ. ಬಂಡೆಪ್ಪ ರೇಗಿದ. "ಬರಬ್ಯಾಡ ಅಂತ ಯಾರು ಅಂದ್ರು ನಿನಗ?"

"ಯಾರೂ ಅಂದಿಲ್ರಿ. ನಾನ ಕೇಳಾಕತ್ತೀನಿ. ಇಲ್ಲಾಂದ್ರ ಬ್ಯಾರೆ ಕಡಿ ನೋಡಬೇಕಲ್ರಿ. ಆದ್ರ ಈಗ ಬ್ಯಾರೆ ಕಡಿನೂ ಇಲ್ಲ."

"ಸೋಮವಾರ ಬಾ. ಮಂಗಳವಾರದ್ದು ಸೋಮವಾರ ಹೇಳ್ತೀನಿ."

ಅವಳು ಹೋದ ಮೇಲೆ ಅವನಿಗೆ ತನ್ನ ಮಾತಿನ ಮೇಲೇ ಅಸಹ್ಯವಾಯಿತು. ಉಮಾಬಾಯಿ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು. ಅದು ಇನ್ನೂ ಹೆಚ್ಚು ಚುಚ್ಚಿತು. ಪ್ರಾಣೇಶನನ್ನು ಹೋಗಿ ಕರೆಯುವುದೊಂದೇ ದಾರಿ. ಅವನು ಬಂದರೆ ಅವನ ಆರು ಜನ ಬರುತ್ತಾರೆ, ಆ ಏಳು ಬಂದರೆ ವೈಜನಾಥ ಬರುತ್ತಾನೆ. ಗಿರಾಕಿಯ ಮನೆ ಬಾಗಿಲಿಗೆ ಹೋಗಿ ಉಣ್ಣಲು ಬಾ ಎಂದು ಬಂಡೆಪ್ಪ ಎಂದೂ ಕರೆದವನಲ್ಲ. ಭಾನುವಾರ ಬೆಳಿಗ್ಗೆ ಅಂಗಿ ಬದಲಿಸಿ, ಯಾರಿಗೂ ಹೇಳದೆ ದಿಲ್‌ಸುಖ್‌ನಗರದ ಬಸ್ಸು ಹತ್ತಿದ.

ಬಾಗಿಲು ತೆರೆದವಳು ಪ್ರಾಣೇಶನ ಹೆಂಡತಿ ಕೃಷ್ಣಾಬಾಯಿ. ಶಾಲೆಯಲ್ಲಿ ಪಾಠ ಹೇಳುವವಳು, ನಿಂತ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ಬೇಗಂಪೇಟೆ ಖಾನಾವಳಿಯ ಬಂಡೆಪ್ಪ ಎಂದು ಹೇಳಿದ್ದೇ ತಡ, ಹೊಸ್ತಿಲ ಮೇಲೆ ಕೈ ಅಡ್ಡ ಇಟ್ಟಳು.

"ಮನ್ಯಾಗ ಇದ್ದಾರ, ಸ್ನಾನಕ್ಕ ಹೋಗ್ಯಾರ. ಅವರು ಬರೂಕಿಂತ ಮೊದಲ ಒಂದು ಮಾತು ಕೇಳ್ರಿ. ನಮ್ಮ ಮನಿಯವರು ಮಂದಿ ಸುದ್ದಿ ಮಾತಾಡೋರಲ್ಲ."

ಬಂಡೆಪ್ಪ ಬೇಡಿಕೊಳ್ಳಲು ಬಂದವನು. ಆದರೆ ಇಷ್ಟು ದೊಡ್ಡ ಸುಳ್ಳು ಕೇಳಿ ಸುಮ್ಮನಿರುವುದು ಅವನಿಂದ ಆಗದ ಕೆಲಸ. "ಅಕ್ಕಾರ, ಹಂಗನಬ್ಯಾಡ್ರಿ. ದೀಪಾವಳಿಯಿಂದ ಇತ್ಲಾಗ ಅವರು ಬ್ಯಾರೆ ಮಾತ ಆಡಿಲ್ಲ. ಕೂತ್ರ ಮಂದಿ ಸುದ್ದಿ, ಎದ್ರ ಮಂದಿ ಸುದ್ದಿ. ಕೈ ತೊಳಕೊಳ್ಳೂ ಮುಂದೂ ಅದ."

"ಯಾರ ಸುದ್ದಿ ಮಾತಾಡಿದ್ರು? ಒಂದು ಹೆಸರು ಹೇಳ್ರಿ."

"ಒಂದು ಅಂತ ಏನು ಹೇಳ್ಲಿ? ದಿಲ್ಲಿ ಮಂದಿ, ಮುಂಬೈ ಮಂದಿ. ಅಮೆರಿಕಾದ ಮಂದೀನೂ ಬಿಟ್ಟಿಲ್ಲ."

"ಅಮೆರಿಕಾದ ಮಂದಿ ಇವರಿಗೇನು ಮಾಡ್ಯಾರ?"

"ಇವರಿಗೇನೂ ಮಾಡಿಲ್ರಿ, ಇವರದು ಸರ್ಕಾರಿ ನೌಕರಿ. ನನಗ ಮಾಡೈತಿ. ನನ್ನ ಅರ್ಧ ಗಿರಾಕಿ ನುಂಗೈತಿ."

ಕೃಷ್ಣಾಬಾಯಿ ಒಂದು ಹೆಜ್ಜೆ ಹಿಂದೆ ಸರಿದು, ಈ ಮನುಷ್ಯನ ತಲೆ ಸರಿಯಿದೆಯೇ ಎಂಬಂತೆ ನೋಡಿದಳು. ಅಷ್ಟರಲ್ಲಿ ಪ್ರಾಣೇಶ ಒದ್ದೆ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದ. ಬಂಡೆಪ್ಪನನ್ನು ಕಂಡು ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ನಿಂತ.

"ತಪ್ಪು ನಂದ ಬಂಡೆಪ್ಪ. ಸುಪರಿಂಟೆಂಡೆಂಟರ ವಿಗ್ಗು ಫ್ಯಾನಿನ ಗಾಳಿಗೆ ಹಾರಿದ್ದು ನಾ ನಾಕು ಮಂದಿ ಎದುರಿಗೆ ಹೇಳಬಾರದಿತ್ತು. ಬಾಜೂ ಮೇಜಿನ್ಯಾಗ ಕನ್ನಡಕ ಹಾಕ್ಕೊಂಡು ಕೂತಾಂವ ಅವರ ತಂಗಿ ಮಗ ಅಂತ ನನಗೇನು ಕನಸು ಬಿದ್ದಿತ್ತು? ಅಂವ ನಿಮಗ ಚಾಡಿ ಹೇಳಿದ, ಖರೆ. ಆದ್ರ ಅಷ್ಟಕ್ಕ ಮಂದಿ ಸುದ್ದಿ ಮಾತಾಡಬಾರದು ಅಂತ ಕೆಂಪು ಅಕ್ಷರದಾಗ ಬರದು ಗ್ವಾಡಿಗೆ ತೂಗಹಾಕೂದೇನು? ಇಪ್ಪತ್ತು ವರ್ಷದ ಗಿರಾಕಿ ನಾ."

"ಯಾವ ವಿಗ್ಗು?" ಎಂದ ಬಂಡೆಪ್ಪ.

"ವಿಗ್ಗಿನ ಸಲುವಾಗಿ ಅಲ್ಲೇನು ಬೋರ್ಡ್ ಹಚ್ಚಿದ್ದು?"

"ವಿಗ್ಗಿಗೂ ನನಗೂ ಏನ್ರಿ ಸಂಬಂಧ? ನಾ ಬರದಿದ್ದು ಮಂದಿ ಸುದ್ದಿ."

"ಅದ ಅಲ್ಲೇನು. ಮಂದಿ ಸುದ್ದಿ."

"ಮಂದಿ ಅಂದ್ರ ಮಂದಿ ಅಲ್ರಿ ರಾಯರ," ಎಂದು ಬಂಡೆಪ್ಪ ಎದೆ ಬಡಿದುಕೊಳ್ಳುವುದೊಂದು ಬಾಕಿ. "ಮಂದಿ. ಟಿವಿಯಾಗ ಬರೂ ಮಂದಿ. ನೀವು ವೈಜನಾಥಪ್ಪ ದಿನಾ ಬಡದಾಡ್ತೀರಲ್ಲ, ಆ ಮಂದಿ."

ಮೊದಲು ನಕ್ಕವಳು ಕೃಷ್ಣಾಬಾಯಿ. ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು, ಒಳಗಿನಿಂದಲೂ ನಗು ಕೇಳಿಸುತ್ತಿತ್ತು. ಪ್ರಾಣೇಶ ಗೋಡೆಗೆ ಒರಗಿ ನಕ್ಕ. ಬಂಡೆಪ್ಪನಿಗೆ ಮೊದಲು ಸಿಟ್ಟು ಬಂತು. ಆಮೇಲೆ ತಾನು ಬರೆದ ಅಕ್ಷರಗಳನ್ನು ಕಣ್ಣ ಮುಂದೆ ತಂದುಕೊಂಡು ಇನ್ನೊಮ್ಮೆ ಓದಿದ. ಹುಟ್ಟಿದಾಗಿನಿಂದ ಆಡಿದ ಮಾತು. ಅವ್ವ ಬೈಯುತ್ತಿದ್ದದ್ದೂ ಹಾಗೆಯೇ, ಮಂದಿ ಸುದ್ದಿ ಮಾತಾಡಬ್ಯಾಡೋ ಎಂದು. ಮೂರ್ನಾಲ್ಕು ತಿಂಗಳ ಟಿವಿ ಅದನ್ನು ಅಳಿಸಿಬಿಟ್ಟಿತ್ತು. ಗಿರಾಕಿಗಳೆಲ್ಲ ಕಳ್ಳರ ಹಾಗೆ ತಲೆ ತಗ್ಗಿಸಿ ಉಂಡದ್ದು ಯಾಕೆಂದು ಈಗ ಗೊತ್ತಾಯಿತು.

ಕೃಷ್ಣಾಬಾಯಿ ಒಗ್ಗರಣೆ ಅವಲಕ್ಕಿ ತಂದಿಟ್ಟಳು. ತಿನ್ನುತ್ತ ಬಂಡೆಪ್ಪ ವನಜಾಳ ವಿಷಯ ಹೇಳಿದ. ಸುತ್ತಿ ಬಳಸಿ ಹೇಳುವುದು ಅವನಿಗೆ ಬರುತ್ತಿರಲಿಲ್ಲ. ನೀವು ಬಂದರೆ ಎರಡನೇ ಒಲೆ ಉರಿಯುತ್ತದೆ, ಬರದಿದ್ದರೆ ನಾಳೆ ಆರಿಸಿ ಅವಳನ್ನು ಮನೆಗೆ ಕಳಿಸುತ್ತೇನೆ ಎಂದ.

ಪ್ರಾಣೇಶನ ನಗು ನಿಂತಿತು. "ಇದು ಮೊದಲ ಹೇಳಬೇಕಿಲ್ಲೇನು?"

"ಹೇಳಿದ್ರ ನೀವು ಅದರ ಮ್ಯಾಲೂ ವಾದಾ ಮಾಡ್ತಿದ್ರಿ."

"ಮಾಡ್ತಿದ್ದೆ," ಎಂದು ಪ್ರಾಣೇಶ ಒಪ್ಪಿಕೊಂಡು, ಮೊಬೈಲು ತೆಗೆದು ವೈಜನಾಥನಿಗೆ ಹಚ್ಚಿದ. "ವೈಜನಾಥಪ್ಪ, ನಾಳೆ ಒಂದಕ್ಕ ಬರ್ರಿ. ಬಂಡೆಪ್ಪನ ಸರ್ಕಾರ ಬಿತ್ತು. ಹೆಂಗ ಬಿತ್ತು ಅಂತ ಬಂದು ಕೇಳ್ರಿ, ಫೋನಿನ್ಯಾಗ ಹೇಳೂವಂಥದ್ದಲ್ಲ."

ಸೋಮವಾರ ಬೋರ್ಡಿನ ಜಾಗದಲ್ಲಿ ಎರಡು ಮೊಳೆ ಮಾತ್ರ ಇದ್ದವು. ಕಥೆ ಬೆಳಿಗ್ಗೆಯೇ ಆಫೀಸುಗಳಲ್ಲಿ ಹರಡಿತ್ತು. ವಿಗ್ಗಿನ ಭಾಗ ಬಿಟ್ಟು ಪ್ರಾಣೇಶನೇ ಹರಡಿದ್ದ. ಒಂದು ಗಂಟೆಗೆ ಅವನು ಆರರ ಬದಲು ಹತ್ತು ಜನರನ್ನು ತಂದ. ವೈಜನಾಥ ಕೂಕಟ್‌ಪಲ್ಲಿಯ ಇಬ್ಬರು ಹಾರ್ಡ್‌ವೇರ್ ಅಂಗಡಿಯವರನ್ನು ಹಿಡಿದುಕೊಂಡು ಬಂದ. ಮಂದಿ ನೋಡಲು ಮಂದಿ ಬಂದಿದ್ದಾರೆ ಎಂದು ಯಾರೋ ಅಂದರು, ಕೋಣೆಯೆಲ್ಲ ನಕ್ಕಿತು. ಎರಡು ವಾರ ಬಾಯಿ ಕಟ್ಟಿಕೊಂಡು ಉಂಡವರು ಸಾಲ ತೀರಿಸುವಂತೆ ಮಾತಾಡುತ್ತಿದ್ದರು. ರೊಟ್ಟಿ ಹೊರಗೆ ಬಂದದ್ದೇ ಮಾಯವಾಗುತ್ತಿತ್ತು.

"ನೋಡಿದ್ರೇನು," ಎಂದು ಪ್ರಾಣೇಶ ಮೂರನೇ ರೊಟ್ಟಿಗೆ ಕೈ ಚಾಚಿದ. "ಸರ್ಕಾರ ನಡುವ ಬಾಯಿ ಹಾಕಿ ಕಾನೂನು ಮಾಡ್ತು, ಪೇಟಿ ಮಲಗಿಬಿಡ್ತು. ಕಾನೂನು ತಗೀತು, ಪೇಟಿ ಎದ್ದು ಕೂತದ. ಇನ್ನೇನು ಸಾಕ್ಷಿ ಬೇಕು ನಿಮಗ?"

"ತಾನ ಎದ್ದು ಕೂತೈತೇನ್ರಿ?" ವೈಜನಾಥ ಗುದ್ದಲು ಕೈ ಎತ್ತಿ, ಬಂಡೆಪ್ಪನ ಮುಖ ನೋಡಿ ಮೆಲ್ಲಗೆ ಇಳಿಸಿದ. "ಬಂಡೆಪ್ಪ ಬಸ್ ಹತ್ತಿ ನಿಮ್ಮ ಮನಿಗೆ ಬರಲಿಲ್ಲಂದ್ರ ನೀವು ಇವತ್ತೂ ಡಬ್ಬಿ ಕಟ್ಟಿಸಿಕೊಂಡು ಬರ್ತಿದ್ರಿ. ಎಲ್ಲಾರೂ ಕೂತಾಗ ಒಬ್ಬ ಎದ್ದ. ನಾ ಹೇಳೂ ಸರ್ಕಾರ ಅದ. ಇನ್ನೊಂದು ಕೇಳ್ರಿ. ಎರಡು ವಾರ ಗಿರಾಕಿ ಇಲ್ಲದಾಗ ಅವ ಆ ಒಲಿ ಆರಸಲಿಲ್ಲ. ಆರಿಸಿದ್ರ ಇಷ್ಟು ಜನಕ್ಕ ಇವತ್ತು ಯಾರು ರೊಟ್ಟಿ ಬಡೀತಿದ್ರು?"

ವೈಜನಾಥನ ಕಡೆಯವರು ಗೆದ್ದೆವೆಂದು ಹಿಗ್ಗಿದರು.

"ಒಲಿ ಉರಸಿದ್ದು ಖರೆ," ಎಂದ ಪ್ರಾಣೇಶ. "ಆದ್ರ ಯಾರ ಹಿಟ್ಟು? ತನ್ನ ಹಿಟ್ಟು. ತನ್ನ ಕಿಸೆ ಸುಟ್ಟುಕೊಂಡು ಉರಸಿದ. ಅದಕ್ಕ ಹದಿನೈದನೇ ದಿನಕ್ಕ ಉರಿ ತಟ್ಟಿ ಬಸ್ ಹತ್ತಿದ. ಮಂದಿ ಹಿಟ್ಟಿನ್ಯಾಗ ಉರಸಿದ್ರ ಹದಿನೈದು ವರ್ಷ ಕೂತಲ್ಲೇ ಕೂಡ್ತಿದ್ದ."

"ಯಾವ ಮಂದಿ?" ಎಂದು ಮೂಲೆಯಿಂದ ಒಂದು ದನಿ ಬಂತು, ಮತ್ತೆ ನಗು ಎದ್ದಿತು.

"ಬಂಡೆಪ್ಪನ್ನ ಕೇಳೂಣು," ಎಂದ ವೈಜನಾಥ. "ಹೇಳಪಾ, ನೀ ಯಾವ ಕಡಿ?"

ಎರಡೂ ಕಡೆಯವರು ಅವನ ಮುಖ ನೋಡಿದರು. ಬಂಡೆಪ್ಪನಿಗೆ ಇಬ್ಬರದೂ ಖರೆ ಅನ್ನಿಸಿತ್ತು. ಇಬ್ಬರದೂ ಖರೆಯಾದರೆ ಹೇಗೆ ಎಂದು ಸಿಟ್ಟೂ ಬಂದಿತ್ತು. ಬಾಗಿಲ ಹತ್ತಿರ ಎಂಟು ಜನ ಜಾಗಕ್ಕಾಗಿ ಕಾಯುತ್ತಿದ್ದರು. "ನಿಂತವರ ಕಡಿ," ಎಂದ. "ಉಂಡ್ರಿಲ್ಲೋ? ಏಳ್ರಿ. ಹೊರಗ ಕಟ್ಟಿ ಐತಿ, ಅಲ್ಲಿ ಕೂತು ದೇಶ ಉಳಸ್ರಿ."

ಎದ್ದರು. ಕಟ್ಟೆಯ ಮೇಲೆ ಕೂತು ಮುಂದುವರಿಸಿದರು. ಒಳಗೆ ಎರಡು ಒಲೆಗಳ ಮೇಲೂ ಹಂಚು ಕಾದಿತ್ತು, ಇಬ್ಬರ ಬಡಿತವೂ ಒಂದಕ್ಕೊಂದು ಹೊಂದಿಕೊಂಡು ಕೇಳುತ್ತಿತ್ತು. ಮೂರು ದಾಟಿದರೂ ಗಿರಾಕಿ ಬರುತ್ತಿದ್ದರು. ಹಿಟ್ಟು ಮುಗಿಯಿತೆಂದು ಉಮಾಬಾಯಿ ಒಳಗಿನಿಂದ ಕೂಗಿ ಹೇಳಿದಾಗ ಬಂಡೆಪ್ಪ ಕದ ಮುಂದೆ ಮಾಡಿದ. ದೀಪಾವಳಿಯಿಂದ ಈಚೆಗೆ ಹಿಟ್ಟು ಮುಗಿದದ್ದು ಅದೇ ಮೊದಲು.

ತಾಟುಗಳ ರಾಶಿಯ ಮುಂದೆ ಕೂತ ವನಜಾ ಎಣಿಸಲಿಲ್ಲ. ತೊಳೆದು ಮುಗಿಸಿ, ಕೈ ಒರೆಸಿಕೊಂಡು ಬಂದು ನಿಂತಳು. ಹಣೆಯ ಮೇಲೆ ಹಿಟ್ಟು ಹತ್ತಿತ್ತು.

"ಅಣ್ಣಾರ, ಮಂಗಳವಾರದ್ದು ಹೇಳ್ತೀನಿ ಅಂದಿದ್ರಿ."

"ನಾಳಿಯಿಂದ ಹತ್ತಕ್ಕ ಅಲ್ಲ, ಒಂಬತ್ತಕ್ಕ ಬಾ. ಹಿಟ್ಟು ಹೆಚ್ಚು ನಾದಬೇಕು. ಮತ್ತ ಇನ್ನ ಮ್ಯಾಲೆ ಬರ್ಲಾ ಬ್ಯಾಡಾ ಅಂತ ನನ್ನ ಕೇಳಬ್ಯಾಡ. ಬರಬೇಕು ಅಷ್ಟ."

ವನಜಾ ಚೀಲ ಹೆಗಲಿಗೆ ಹಾಕಿಕೊಂಡಳು.

"ಒಂಬತ್ತಕ್ಕ ಆಗಂಗಿಲ್ರಿ," ಎಂದಳು. "ನಮ್ಮ ಕಡಿ ಬಸ್ ತಡಾ. ಒಂಬತ್ತೂವರಿಗಿ ಬರ್ತೀನಿ."